ಮೀನಿಗಿಂತ ಮೊದಲು ಬಾವಿಯ ಪರಿಚಯ

ಬಿ.ಸಿ. ರೋಡಿನಲ್ಲೋ ಮೂಡುಬಿದಿರೆ ಪೇಟೆಯಲ್ಲೋ ಅಕ್ವೇರಿಯಂ ಅಂಗಡಿ ಹೊಕ್ಕವರು ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ದಿನ ಕಟ್ಟಿಸಿಕೊಂಡು ಹೊರಡುತ್ತಾರೆ. ಗಾಜಿನ ತೊಟ್ಟಿ, ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ಗಾಳಿ ಬಿಡುವ ಪಂಪು, ಕೊನೆಗೆ ಆಮ್ಲಜನಕ ತುಂಬಿ ರಬ್ಬರ್ ಬ್ಯಾಂಡ್ ಬಿಗಿದ ಚೀಲದಲ್ಲಿ ಎರಡು ಗೋಲ್ಡ್‌ಫಿಶ್, ನಾಲ್ಕು ಮೋಲಿ. ಸಂಜೆಗೆ ತೊಟ್ಟಿ ತುಂಬುತ್ತದೆ, ರಾತ್ರಿಗೆ ಮೀನು ಈಜುತ್ತದೆ, ಹತ್ತು ಹದಿನೈದು ದಿನದೊಳಗೆ ಮನೆಯ ಮಕ್ಕಳು ಅಳುತ್ತಾರೆ. ಮೀನಿಗೆ ಮೊದಲೇ ರೋಗವಿತ್ತು ಎಂದು ಅಂಗಡಿಯವರನ್ನು ದೂರುವುದುಂಟು. ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ ಎಂದು ತೊಟ್ಟಿಯನ್ನು ಅಟ್ಟಕ್ಕೆ ಸೇರಿಸುವುದೂ ಉಂಟು. ಹೆಚ್ಚಿನ ಸಲ ಎರಡೂ ಕಾರಣವಲ್ಲ. ನೀರು ಇನ್ನೂ ಸಿದ್ಧವಾಗಿರಲಿಲ್ಲ, ಅಷ್ಟೆ. ಹೊಸದಾಗಿ ಮೀನು ಸಾಕಲು ಹೊರಟವರು ಮೊದಲು ಪರಿಚಯ ಮಾಡಿಕೊಳ್ಳಬೇಕಾದ್ದು ತಮ್ಮ ಮನೆಯ ಬಾವಿಯನ್ನು. ಯಾವ ಮೀನು ಎಂಬ ಪ್ರಶ್ನೆ ಅದಾದ ಮೇಲಿನದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರಿಗಂತೂ ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ನಮ್ಮದು ಮುರಕಲ್ಲಿನ ಸೀಮೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಸುರಿಯುವ ಮಳೆ ಈ ಮಣ್ಣಿನಲ್ಲಿದ್ದ ಸುಣ್ಣದಂಶವನ್ನೆಲ್ಲ ಯುಗಯುಗಗಳಿಂದ ತೊಳೆದು ಕಡಲಿಗೆ ಒಯ್ದಿದೆ. ಉಳಿದಿರುವುದು ಕಬ್ಬಿಣ, ಅಲ್ಯೂಮಿನಿಯಂಗಳ ಕೆಂಪು. ಇಂಥ ಕಲ್ಲಿನ ನಡುವೆ ಇಳಿದು ಬಾವಿ ಸೇರುವ ನೀರು ತೀರಾ ಮೆದು. ಬಯಲುಸೀಮೆಯ ಮನೆಗಳಲ್ಲಿ ಬಚ್ಚಲ ಹಂಡೆಯ ಒಳಗೆ, ನಲ್ಲಿಯ ಮೂತಿಯಲ್ಲಿ ಬಿಳಿಯ ಪದರ ಗಟ್ಟಿಯಾಗಿ ಕೂತಿರುತ್ತದೆ. ಬೆಳ್ತಂಗಡಿಯ ತೋಟದ ಮನೆಯ ಹಂಡೆಯಲ್ಲಿ ಅದನ್ನು ಹುಡುಕಿದರೂ ಸಿಗದು. ಇಲ್ಲಿ ಸಾಬೂನು ಒಂದು ಸಲ ಉಜ್ಜಿದರೆ ನೊರೆ ತುಂಬುತ್ತದೆ, ಅದನ್ನು ತೊಳೆದು ಕಳೆಯಲು ಇನ್ನೂ ಎರಡು ಚೊಂಬು ನೀರು ಬೇಕಾಗುತ್ತದೆ. ಬಂಟ್ವಾಳ ತಾಲೂಕಿನ ಮಾಣಿಲ, ಕೇಪು ಕಡೆಯ ಸುರಂಗಗಳ ನೀರೂ ಇದೇ ಮುರಕಲ್ಲಿನಿಂದ ಜಿನುಗಿ ಬಂದದ್ದು. ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಎಬ್ಬಿಸಿದ ಕೇಪುವಿನ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ದೇಶವೆಲ್ಲ ನೋಡಿದ್ದು ಆ ನೀರನ್ನು.

ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರನ್ನು ಇಂಥ ಬಾವಿಯ ನೀರಿಗೆ ಅದ್ದಿದರೆ ಅಂಕಿ ನೂರು ಮುಟ್ಟದಿರುವುದೇ ಹೆಚ್ಚು. ಪಿಎಚ್ ನೋಡಿದರೆ ಆರರ ಹತ್ತಿರ, ಕೆಲವೆಡೆ ಅದಕ್ಕಿಂತಲೂ ಕೆಳಗೆ. ಇಲ್ಲೊಂದು ಎಚ್ಚರ ಬೇಕು. ಆಗತಾನೇ ಸೇದಿದ ನೀರಿನಲ್ಲಿ ನೆಲದೊಳಗಿನ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಅದರಿಂದ ಪಿಎಚ್ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಬಾಲ್ದಿಯಲ್ಲಿ ಒಂದು ರಾತ್ರಿ ಇಟ್ಟು, ಗಾಳಿಯ ಕಲ್ಲು ಬಿಟ್ಟು, ಬೆಳಿಗ್ಗೆ ನೋಡಿದ ಅಂಕಿಯನ್ನೇ ನಂಬಬೇಕು. ಬೋರ್‌ವೆಲ್ ಇರುವವರ ಕಥೆ ಬೇರೆ. ಅದು ಮುರಕಲ್ಲನ್ನು ದಾಟಿ ಕೆಳಗಿನ ಕರಿಬಂಡೆಯಿಂದ ನೀರು ತರುತ್ತದೆ, ಕೆಲವೆಡೆ ಕಬ್ಬಿಣವನ್ನೂ ತರುತ್ತದೆ. ಬಾಲ್ದಿಯಲ್ಲಿ ಇಟ್ಟ ನೀರಿನ ಮೇಲೆ ಮರುದಿನ ತೆಳುವಾದ ಕಿಲುಬಿನ ಬಣ್ಣದ ಪೊರೆ ಕಂಡರೆ ಆ ನೀರು ಬೇಡ, ಪಕ್ಕದ ಮನೆಯ ತೆರೆದ ಬಾವಿಯನ್ನು ಕೇಳಿ. ಪಂಚಾಯತ್ ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮಳೆಗಾಲದಲ್ಲಿ ತೆರೆದ ಬಾವಿಗೂ ಬ್ಲೀಚಿಂಗ್ ಪೌಡರ್ ಹಾಕುವುದಿದೆ. ಹಾಗೆ ಹಾಕಿದ್ದು ಗೊತ್ತಿದ್ದರೆ ಕೆಲವು ದಿನ ತೊಟ್ಟಿಯ ನೀರು ಬದಲಿಸದೆ ಇರುವುದು ಲೇಸು, ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣ ಬಳಸಬೇಕು.

ನೀರು ಸಿದ್ಧವಾಗುವುದು ಎಂದರೇನು? ಮೀನು ತನ್ನ ಕಿವಿರುಗಳಿಂದ ಅಮೋನಿಯ ಹೊರಬಿಡುತ್ತದೆ. ಉಳಿದ ಆಹಾರ, ಹಿಕ್ಕೆ ಕೊಳೆತಾಗಲೂ ಅದೇ ಹುಟ್ಟುತ್ತದೆ. ಹೊಳೆಯಲ್ಲಾದರೆ ಅದು ಹರಿದು ಹೋದೀತು, ತೊಟ್ಟಿಯಲ್ಲಿ ಹೋಗಲು ದಾರಿಯಿಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಮರಳಿನಲ್ಲಿ, ಫಿಲ್ಟರಿನ ಸ್ಪಾಂಜಿನಲ್ಲಿ ಮನೆಮಾಡಿ ಅಮೋನಿಯವನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಮೊದಲ ಎರಡೂ ಮೀನಿಗೆ ವಿಷ. ಮೂರನೆಯದನ್ನು ಗಿಡಗಳು ಹೀರುತ್ತವೆ, ಉಳಿದದ್ದನ್ನು ನಾವು ನೀರು ಬದಲಿಸಿ ತೆಗೆಯುತ್ತೇವೆ. ಈ ಎರಡು ಹಂತಗಳನ್ನು ಎರಡು ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳೇ ನಡೆಸಬೇಕು ಎಂದು ವಿಜ್ಞಾನ ನೂರಕ್ಕೂ ಹೆಚ್ಚು ವರ್ಷ ನಂಬಿತ್ತು. ನೈಟ್ರೊಸ್ಪೈರಾ ಕುಲದ ಕೆಲವು ಎರಡನ್ನೂ ಒಂಟಿಯಾಗಿ ಮಾಡಬಲ್ಲವು ಎಂದು 2015ರಲ್ಲಿ ಗೊತ್ತಾಯಿತು. ಆ ಶೋಧ ಮಾಡಿದ ಎರಡು ತಂಡಗಳಲ್ಲಿ ಒಂದಕ್ಕೆ ಅವು ಸಿಕ್ಕಿದ್ದು ಮೀನು ಸಾಕುವ ವ್ಯವಸ್ಥೆಯೊಂದರ ಫಿಲ್ಟರಿನಲ್ಲಿ.

ಈ ಜೀವಿಗಳು ಸಾಕಷ್ಟು ಬೆಳೆಯಲು ಐದಾರು ವಾರ ಬೇಕು. ಅಷ್ಟು ಕಾಲ ತೊಟ್ಟಿಯಲ್ಲಿ ನೀರಿರಲಿ, ಗಿಡವಿರಲಿ, ಫಿಲ್ಟರ್ ಓಡುತ್ತಿರಲಿ, ಮೀನು ಮಾತ್ರ ಬೇಡ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬಂದರೆ ಅದು ಕೊಳೆತು ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಮೀನು ಸಾಕಿದ ಗೆಳೆಯರಿದ್ದರೆ ಅವರ ಹಳೆಯ ಫಿಲ್ಟರಿನ ಸ್ಪಾಂಜ್ ಹಿಂಡಿದ ಕೊಳೆನೀರು ಒಂದು ಲೋಟ ತನ್ನಿ; ಅದಕ್ಕಿಂತ ಒಳ್ಳೆಯ ಹೆಪ್ಪು ಬೇರೆ ಇಲ್ಲ. ಕೆರೆಯ ನೀರು ತಂದು ಸುರಿದರೆ ಬೇಗ ಆಗುತ್ತದೆ ಎನ್ನುವವರಿದ್ದಾರೆ. ಹದಿನೆಂಟು ಕೆರೆಗಳ ಊರಾದ ಮೂಡುಬಿದಿರೆಯಲ್ಲಿ ಆ ಆಸೆ ಸಹಜ. ಆದರೆ ಆ ನೀರಿನೊಂದಿಗೆ ಜಿಗಣೆ, ಮೀನಿನ ಮೈಗೆ ಕಚ್ಚಿ ಕೂರುವ ಹುಳು, ಮರಿಮೀನುಗಳನ್ನು ಹಿಡಿದು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಬಂದುಬಿಡುತ್ತವೆ. ಮೊದಲ ವಾರದ ಹೊತ್ತಿಗೆ ನೀರು ಹಾಲು ಕದಡಿದಂತೆ ಬೆಳ್ಳಗಾದೀತು. ಅದು ಅಲ್ಲಿ ಜೀವ ಹುಟ್ಟಿಕೊಳ್ಳುತ್ತಿರುವ ಗುರುತು. ಗಾಬರಿಬಿದ್ದು ನೀರೆಲ್ಲ ಚೆಲ್ಲಿ ತೊಟ್ಟಿ ಉಜ್ಜಿದರೆ ಮತ್ತೆ ಮೊದಲಿಂದ ಶುರು. ಸುಮ್ಮನಿದ್ದರೆ ತಾನಾಗಿ ತಿಳಿಯಾಗುತ್ತದೆ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿ, ನೈಟ್ರೇಟ್ ಕಾಣಿಸಿಕೊಂಡ ದಿನ ತೊಟ್ಟಿ ಸಿದ್ಧ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಇದಕ್ಕಾಗಿಯೇ ಇರುವುದು. ಆಟಿಕೆ ಬಂಡೆ, ಬಣ್ಣದ ದೀಪಗಳಿಗೆ ಹಾಕುವ ಹಣವನ್ನು ಅದಕ್ಕೆ ಹಾಕಿ.

ಈಗ ನಮ್ಮ ಮೆದು ನೀರಿನ ಒಳಗುಟ್ಟಿಗೆ ಬರುತ್ತೇನೆ. ಹೊರಗಿನವರು ಬರೆದ ಪುಸ್ತಕಗಳಲ್ಲಿ ಇದು ವಿವರವಾಗಿ ಸಿಗುವುದು ಕಡಿಮೆ. ಅವರಲ್ಲಿ ಹೆಚ್ಚಿನವರ ನಲ್ಲಿಯ ನೀರಿನಲ್ಲಿ ಸುಣ್ಣ ಧಾರಾಳ. ಒಂದು ಮಿಲಿಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡುವಾಗ ಸುಮಾರು ಏಳು ಮಿಲಿಗ್ರಾಂ ಸುಣ್ಣದ ಕಾರ್ಬೊನೇಟಿಗೆ ಸಮನಾದ ಕ್ಷಾರ ಖರ್ಚಾಗುತ್ತದೆ. ನಮ್ಮ ಬಾವಿಯ ನೀರಿನಲ್ಲಿ ಖರ್ಚು ಮಾಡಲು ಅಷ್ಟು ಇರುವುದೇ ಇಲ್ಲ. ಕೆಲವೇ ವಾರಗಳಲ್ಲಿ ಇದ್ದದ್ದು ಮುಗಿದು ಪಿಎಚ್ ಆರಕ್ಕಿಂತ ಕೆಳಗೆ ಜಾರುತ್ತದೆ. ಆಗ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗಿ, ಅಮೋನಿಯ ಕೂಡುತ್ತಾ ಹೋಗುತ್ತದೆ. ವಿಚಿತ್ರವೆಂದರೆ ಮೀನು ಆಗಲೂ ಸಾಯುವುದಿಲ್ಲ. ಹುಳಿ ನೀರಿನಲ್ಲಿ ಅಮೋನಿಯ ಬಹುಪಾಲು ಅಮೋನಿಯಂ ರೂಪದಲ್ಲಿ ಇರುತ್ತದೆ, ಅದರ ವಿಷ ಕಡಿಮೆ. 25 ಡಿಗ್ರಿ ಶಾಖದಲ್ಲಿ, ಪಿಎಚ್ 6ರಲ್ಲಿ, ಒಟ್ಟು ಅಮೋನಿಯದಲ್ಲಿ ಶೇಕಡಾ 0.06 ಮಾತ್ರ ವಿಷರೂಪದ್ದು. 7ರಲ್ಲಿ ಅದು 0.6, 8ರಲ್ಲಿ ಐದಕ್ಕೂ ಹೆಚ್ಚು.

ಅಪಾಯ ಎಲ್ಲಿದೆ ಎಂದು ಈಗ ತಿಳಿಯುತ್ತದೆ. ಮೀನು ಸ್ವಲ್ಪ ಮಂಕಾಗಿದೆ, ನೀರು ಹುಳಿಯಾಗಿದೆ ಎಂದು ತಿಳಿದ ಮನೆಯವರು ಎಲೆಯಡಿಕೆಯ ಡಬ್ಬಿಯಿಂದ ಒಂದಿಷ್ಟು ಸುಣ್ಣ ಕದಡಿ ಸುರಿಯುತ್ತಾರೆ. ತೋಟಕ್ಕೂ ಕೆರೆಗೂ ಸುಣ್ಣ ಹಾಕಿ ರೂಢಿಯಿರುವ ಊರಿನಲ್ಲಿ ಇದು ಸಹಜವಾಗಿ ಹೊಳೆಯುವ ಉಪಾಯ. ಸುಟ್ಟ ಸುಣ್ಣ ಗಳಿಗೆಯಲ್ಲಿ ಪಿಎಚ್ ಅನ್ನು ಎಂಟು, ಒಂಬತ್ತಕ್ಕೆ ಎತ್ತಿಬಿಡುತ್ತದೆ. ಅಲ್ಲಿಯವರೆಗೆ ನಿರುಪದ್ರವಿಯಾಗಿ ಕೂತಿದ್ದ ಅಮೋನಿಯಂನಲ್ಲಿ ಮೀನನ್ನು ಕೊಲ್ಲುವಷ್ಟು ಪಾಲು ಒಂದೇ ಏಟಿಗೆ ವಿಷವಾಗಿ ತಿರುಗುತ್ತದೆ. ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತದೆ, ಕಿವಿರು ಕೆಂಪಾಗುತ್ತದೆ, ಸಂಜೆಯೊಳಗೆ ತೊಟ್ಟಿ ಖಾಲಿ.

ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ: ಮರುವಾಯಿಯ ಚಿಪ್ಪು. ಸುಕ್ಕ ಮಾಡಿ ಉಂಡ ಮೇಲೆ ಎಸೆಯುವ ಚಿಪ್ಪುಗಳನ್ನು ಕುದಿಸಿ, ಒಳಗೆ ಅಂಟಿದ ಮಾಂಸವನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ತೆಗೆದು, ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ. ಚೂರು ಮಾಡಿ, ಒಂದು ಮುಷ್ಟಿಯಷ್ಟನ್ನು ಈರುಳ್ಳಿ ಬರುವ ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನ ಗುಳ್ಳೆ ಏಳುವ ಜಾಗದಲ್ಲಿ ಇಳಿಬಿಡಿ. ಚಿಪ್ಪು ಸುಣ್ಣದ ಕಾರ್ಬೊನೇಟು. ಹುಳಿ ನೀರಿನಲ್ಲಿ ಅದು ಸ್ವಲ್ಪ ಸ್ವಲ್ಪವೇ ಕರಗುತ್ತದೆ, ಪಿಎಚ್ ಏಳನ್ನು ದಾಟುತ್ತಿದ್ದಂತೆ ಕರಗುವುದು ತೀರಾ ನಿಧಾನವಾಗುತ್ತದೆ. ಬೇಕಾದಷ್ಟನ್ನು ಕೊಟ್ಟು ತಾನೇ ನಿಲ್ಲುವ ಇಂಥ ವಸ್ತುವನ್ನು ಯಾವ ಕಂಪನಿಯ ಬಾಟಲಿಯೂ ಮೀರಿಸಲಾರದು. ಮರುವಾಯಿ ಮನೆಗೆ ತರದವರು ಅಕ್ವೇರಿಯಂ ಅಂಗಡಿಯಲ್ಲಿ ಹವಳದ ಚೂರು ಕೇಳಿದರೆ ಸಿಗುತ್ತದೆ, ಕೆಲಸ ಒಂದೇ. ತೊಟ್ಟಿ ಕೂಡಿಸಿದ ಮೊದಲ ದಿನವೇ ಚೀಲ ಇಳಿಬಿಡಬೇಕು. ಆಮೇಲೆ ನೆನಪಾಗಿ ಹಾಕುವುದಕ್ಕಲ್ಲ.

ತೊಟ್ಟಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು ಸಾಕು. 56 ಲೀಟರ್ ಹಿಡಿಯುತ್ತದೆ. ಐದು ಲೀಟರಿನ ಗುಂಡು ಬೋಗುಣಿ ಅಗ್ಗವಾಗಿ ಕಂಡರೂ ಅದರಲ್ಲಿ ಮೀನು ಬದುಕಿಸುವುದು ಪಳಗಿದವರಿಗೂ ಕಷ್ಟ. ನೀರು ಕಡಿಮೆಯಾದಷ್ಟೂ ಸಣ್ಣ ಏರುಪೇರು ದೊಡ್ಡದಾಗುತ್ತದೆ. ಮರಳು, ಗಾಜು ಸೇರಿ ತುಂಬಿದ ತೊಟ್ಟಿ ಎಂಬತ್ತು ಕಿಲೋ ಸಮೀಪಿಸುತ್ತದೆ, ಆದ್ದರಿಂದ ಅಲುಗದ ಮೇಜು, ಅದರ ಮೇಲೊಂದು ಥರ್ಮಕೋಲ್ ಹಾಳೆ ಬೇಕು. ಪಡುಬಿಸಿಲು ಬೀಳುವ ಜಗಲಿ ಬೇಡ.

ಅಡಿಗೆ ಹಾಕಲು ನೀಲಿ ಹಳದಿ ಕಲ್ಲು ನನಗೆ ಹಿಡಿಸದು. ಮನೆ ಕಟ್ಟುವವರ ಅಂಗಳದಲ್ಲಿ ಬಿದ್ದಿರುವ ಹೊಳೆಮರಳು ಅರ್ಧ ಬಾಲ್ದಿ ಕೇಳಿ ತಂದರೆ ಮುಗಿಯಿತು. ಜರಡಿ ಹಿಡಿದು, ಕೆನ್ನೀರು ಹೋಗಿ ತಿಳಿನೀರು ಬರುವವರೆಗೆ ತೊಳೆಯಬೇಕು. ಹತ್ತು ಹದಿನೈದು ಸಲವಾದರೂ ಆದೀತು. ಒಂದು ಹಿಡಿ ಮರಳಿಗೆ ಲಿಂಬೆರಸ ಹಿಂಡಿ ನೋಡಿ. ನೇತ್ರಾವತಿಯ ಮೇಲ್ಭಾಗದ ಮರಳು ಬೆಣಚುಕಲ್ಲಿನದು, ಸುಮ್ಮನಿರುತ್ತದೆ. ನೊರೆಗುಟ್ಟಿದರೆ ಅದರಲ್ಲಿ ಕಡಲ ಚಿಪ್ಪಿನ ಪುಡಿ ಸೇರಿದೆ, ಎಷ್ಟು ಸುಣ್ಣ ಬಿಟ್ಟೀತು ಎಂಬ ಲೆಕ್ಕ ನಮ್ಮ ಕೈಯಲ್ಲಿರುವುದಿಲ್ಲ. ಶಾಲೆಯಂಗಳದಲ್ಲಿ ಉದುರುವ ಕಾಡುಬಾದಾಮಿಯ ಒಣಗಿದ ಕೆಂಪೆಲೆ ಒಂದನ್ನು ತೊಳೆದು ಹಾಕಿ. ವಿದೇಶಗಳಲ್ಲಿ ಅದನ್ನು ಪ್ಯಾಕೆಟ್ಟು ಮಾಡಿ ಮಾರುತ್ತಾರೆ. ಅದರ ಒಗರು ನೀರಿಗೆ ತೆಳುವಾದ ಚಹಾದ ಬಣ್ಣ ಕೊಡುತ್ತದೆ, ಮೀನು ಅದರ ಮರೆಯಲ್ಲಿ ನೆಮ್ಮದಿಯಾಗಿರುತ್ತದೆ. ಒಂದಕ್ಕಿಂತ ಹೆಚ್ಚು ಬೇಡ, ನಮ್ಮ ನೀರು ಮೊದಲೇ ಹುಳಿ. ಗಿಡಗಳಲ್ಲಿ ವ್ಯಾಲಿಸ್ನೇರಿಯಾ, ಕ್ರಿಪ್ಟೊಕೊರಿನ್, ರೊಟಾಲ ಇವು ಸಾಕು. ಜಗತ್ತಿನ ಅಕ್ವೇರಿಯಂಗಳಲ್ಲಿ ಹೆಸರು ಮಾಡಿರುವ ಈ ಗಿಡಗಳ ಹಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದ ತೋಡುಗಳಲ್ಲಿ, ಗದ್ದೆಗಳಲ್ಲಿ ಹುಟ್ಟಿ ಬೆಳೆದವು. ಅಂಗಡಿಯ ಸಸಿಯನ್ನೇ ತನ್ನಿ, ತೋಡಿನದನ್ನು ತೋಡಿಗೇ ಬಿಡಿ.

ಫಿಲ್ಟರ್ ಎಂದರೆ ಗಾಳಿಪಂಪಿಗೆ ಜೋಡಿಸುವ ಸ್ಪಾಂಜಿನದು ಸಾಕು. ಅದು ಕೊಳೆಯಾದಾಗ ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಹಿಂಡಿ. ಕರೆಂಟು ಹೋದಾಗಿನ ಯೋಚನೆ ಮೊದಲೇ ಇರಲಿ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಒಂದು ದಿನ ಕರೆಂಟಿಲ್ಲದಿರುವುದು ಬೆಳ್ತಂಗಡಿಯ ಒಳಹಳ್ಳಿಗಳಲ್ಲಿ ಹೊಸತಲ್ಲ. ಸ್ಪಾಂಜಿನ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕೇ ಬೇಕು. ಬ್ಯಾಟರಿಯ ಪಂಪು ಇಲ್ಲದಿದ್ದರೆ ಗಂಟೆಗೊಮ್ಮೆ ಚೊಂಬಿನಲ್ಲಿ ನೀರು ಎತ್ತಿ ಎತ್ತರದಿಂದ ಹೊಯ್ಯಬೇಕು. ಏಪ್ರಿಲ್ ಮೇ ತಿಂಗಳಿಗೂ ಇದೇ ಮಾತು: 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 32 ಡಿಗ್ರಿಯಲ್ಲಿ 7.3 ಮಾತ್ರ ಹಿಡಿಯುತ್ತದೆ.

ಇವೆಲ್ಲ ನೋಡಿದರೆ ತೊಟ್ಟಿ ಕೂಡಿಸಲು ನವರಾತ್ರಿಯ ಹೊತ್ತೇ ಹೇಳಿಸಿದ್ದು. ಬಾವಿ ತುಂಬಿ ನೀರು ತಿಳಿಯಾಗಿರುತ್ತದೆ, ಗುಡುಗು ಮಳೆ ಇನ್ನೂ ಇದ್ದರೂ ಆಟಿಯ ಗಾಳಿಮಳೆ ಕಳೆದಿರುತ್ತದೆ, ಬಿಸಿಲು ಏರಿರುವುದಿಲ್ಲ. ವಿಜಯದಶಮಿಗೆ ನೀರು ತುಂಬಿಸಿದರೆ ಧರ್ಮಸ್ಥಳದ ಲಕ್ಷದೀಪದ ಹೊತ್ತಿಗೆ ಏಳು ವಾರ ಆಗುತ್ತದೆ. ಮೀನು ತರಲು ಅದು ಸರಿಯಾದ ಸಮಯ.

ಯಾವ ಮೀನು? ಮೋಲಿಗೆ ಗಡಸು ನೀರು ಇಷ್ಟ, ನಮ್ಮ ಬಾವಿಯಲ್ಲಿ ಅದು ಸೊರಗುತ್ತದೆ. ಗೋಲ್ಡ್‌ಫಿಶ್ ಗೇಣುದ್ದ ಬೆಳೆಯುವಂಥದು, ಎರಡಡಿಯ ತೊಟ್ಟಿ ಅದಕ್ಕೆ ಸಾಲದು. ನಾನು ಹೇಳುವುದು ಮೂರು ಹನೀ ಗೌರಾಮಿ, ಎಂಟು ಹಾರ್ಲೆಕ್ವಿನ್ ರಾಸ್ಬೊರಾ. ಗೌರಾಮಿ ಗಂಗಾ ಬ್ರಹ್ಮಪುತ್ರಾ ಬಯಲಿನದು, ಮೇಲೆ ಬಂದು ನೇರ ಗಾಳಿಯನ್ನೂ ಉಸಿರಾಡಬಲ್ಲದು, ಹೀಗಾಗಿ ಕರೆಂಟು ಹೋದರೂ ಸುಲಭಕ್ಕೆ ಸೋಲದು. ರಾಸ್ಬೊರಾ ಮಲೇಷ್ಯಾ, ಸುಮಾತ್ರಾಗಳ ಎಲೆ ಕೊಳೆತ ಕಂದು ತೊರೆಗಳಿಂದ ಬಂದದ್ದು, ನಮ್ಮ ನೀರು ಅದಕ್ಕೆ ತವರಿನಂಥದೇ. ಮೊದಲು ಗೌರಾಮಿ ಮೂರನ್ನು ತನ್ನಿ, ಎರಡು ವಾರ ಕಳೆದು ಉಳಿದವು. ದಕ್ಷಿಣ ಭಾರತದ ಅಲಂಕಾರಿಕ ಮೀನಿನ ದೊಡ್ಡ ಮಾರುಕಟ್ಟೆ ಚೆನ್ನೈನ ಕೊಳತ್ತೂರು. ಅಂಥ ಕಡೆಯ ಗಡಸು ನೀರಿನಿಂದ ಬಂದ ಮೀನನ್ನು ಮೆದು ನೀರಿಗೆ ದೊಪ್ಪನೆ ಬಿಟ್ಟರೆ ಅದರ ಮೈ ತಾಳುವುದಿಲ್ಲ. ಚೀಲದ ನೀರಿನೊಂದಿಗೆ ಮೀನನ್ನು ಬಾಲ್ದಿಗೆ ಸುರಿದು, ತೆಳ್ಳಗಿನ ಗಾಳಿನಳಿಕೆಗೆ ಗಂಟು ಹಾಕಿ, ತೊಟ್ಟಿಯ ನೀರು ಹನಿ ಹನಿಯಾಗಿ ಒಂದು ಗಂಟೆ ಬೀಳಲಿ. ಆಮೇಲೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ. ಆ ದಿನ ದೀಪ ಬೇಡ, ಆಹಾರವೂ ಬೇಡ.

ನಮ್ಮ ಹೊಳೆಯ ಮೀನನ್ನೇ ಯಾಕೆ ಸಾಕಬಾರದು ಎಂದು ಕೇಳುವವರಿದ್ದಾರೆ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಮೀನೊಂದಿದೆ, ಎಟ್ರೋಪ್ಲಸ್ ಕೆನರೆನ್ಸಿಸ್. ಫ್ರಾನ್ಸಿಸ್ ಡೇ 1877ರಲ್ಲಿ ದಕ್ಷಿಣ ಕನ್ನಡದಿಂದ ಅದನ್ನು ವರ್ಣಿಸಿದರು. ಕೇರಳದವರ ಪ್ರಸಿದ್ಧ ಕರಿಮೀನಿನ ದಾಯಾದಿ, ಆದರೆ ಅಳಿವೆಯ ಉಪ್ಪುನೀರಿನ ಹಂಗಿಲ್ಲದೆ ಸಿಹಿನೀರಿನಲ್ಲೇ ಬಾಳುವಂಥದು. ಮೈತುಂಬ ಸಾಲುಸಾಲು ಚುಕ್ಕೆ, ಮರಿಗಳನ್ನು ತಂದೆತಾಯಿ ಇಬ್ಬರೂ ಕಾಯುವ ಸ್ವಭಾವ. ನೇತ್ರಾವತಿಯ ನೀರುಬಯಲು ಬಿಟ್ಟರೆ ಅದಕ್ಕೆ ಹೆಚ್ಚಿನ ನೆಲೆಯಿಲ್ಲ, ಐಯುಸಿಎನ್ ಪಟ್ಟಿಯಲ್ಲಿ ಅದು ಅಳಿವಿನಂಚಿನ ಜೀವಿ. ಮೈಮೇಲೆ ಕೆಂಪು ಗೆರೆಯಿರುವ ಡೆನಿಸನ್ ಬಾರ್ಬ್ ಎಂಬ ಘಟ್ಟದ ಮೀನಿಗೆ 1997ರ ಸಿಂಗಪುರದ ಅಕ್ವಾರಾಮ ಮೇಳದಲ್ಲಿ ಬಹುಮಾನ ಬಂದ ಮೇಲೆ ಜಗತ್ತಿನ ಪೇಟೆಗೆ ಅದನ್ನು ಹೊಳೆಗಳಿಂದ ಬಾಚಿದರು, ಈಗ ಅದೂ ಅದೇ ಪಟ್ಟಿಯಲ್ಲಿದೆ. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ಕೆನರೆನ್ಸಿಸ್ ಅನ್ನು ತೊಟ್ಟಿಯಲ್ಲೇ ಮರಿಮಾಡಿಸಿ ಮೀನುಪ್ರಿಯರ ಕೈಗೆ ಮುಟ್ಟಿಸುವ ಕೆಲಸ ಈ ಜಿಲ್ಲೆಯಲ್ಲೇ ದೊಡ್ಡದಾಗಿ ನಡೆಯಬೇಕೆಂಬುದು ನನ್ನ ಬಹುದಿನದ ಆಸೆ. ಅಲ್ಲಿಯವರೆಗೆ ಹೊಳೆಮೀನನ್ನು ಹೊಳೆಯಲ್ಲೇ ನೋಡಬೇಕು. ಬೆಳ್ತಂಗಡಿಯ ಶಿಶಿಲದಲ್ಲಿ ಕಪಿಲೆಯ ಮೆಟ್ಟಿಲ ಮೇಲೆ ಕೂತು ಒಂದು ಹಿಡಿ ಅರಳು ಚೆಲ್ಲಿದರೆ ಮೊಳದುದ್ದದ ದೇವರ ಮೀನುಗಳು ಒಂದರ ಮೇಲೊಂದು ಹೊರಳಿ ಬರುತ್ತವೆ.

ಹೊಳೆಯ ಮೀನನ್ನು ತೊಟ್ಟಿಗೆ ತರಬಾರದೆಂಬ ಮಾತಿನ ಇನ್ನೊಂದು ಮಗ್ಗುಲೂ ಅಷ್ಟೇ ಮುಖ್ಯ. ತೊಟ್ಟಿಯ ಗಾಜು ನೆಕ್ಕಲೆಂದು ಅಂಗಡಿಯವರು ಕೊಡುವ ಸಕ್ಕರ್ ಮೀನು ಒಂದಡಿ ಮೀರಿ ಬೆಳೆಯುತ್ತದೆ. ಜಾಗ ಸಾಲದೆ ಅದನ್ನು ಬಿಟ್ಟುಬಂದ ಕೆರೆಹೊಳೆಗಳಲ್ಲಿ, ಕೇರಳದಿಂದ ಆಂಧ್ರದವರೆಗೆ, ಅದು ಈಗ ಬಲೆಗೆ ಬೀಳುತ್ತಿದೆ. ಅದನ್ನು ಕೊಳ್ಳಲೇಬೇಡಿ. ಯಾವ ಮೀನೇ ಆಗಲಿ ಸಾಕಲು ಆಗದೆ ಹೋದರೆ ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ಸಾಕುವವರಿಗೆ ಕೊಡಿ. ಫಲ್ಗುಣಿಗೆ, ಸೋಮಾವತಿಗೆ, ಮನೆ ಹಿಂದಿನ ತೋಡಿಗೆ ಬಿಡಬಾರದು. ತೊಟ್ಟಿಯಿಂದ ವಾರವಾರ ತೆಗೆಯುವ ಹತ್ತು ಹನ್ನೆರಡು ಲೀಟರ್ ನೀರನ್ನೂ ಚರಂಡಿಗೆ ಚೆಲ್ಲದೆ ಬಸಳೆಯ ಬುಡಕ್ಕೆ ಹೊಯ್ಯಿರಿ. ಅದರಲ್ಲಿರುವ ನೈಟ್ರೇಟು ಅಲ್ಲಿ ಗೊಬ್ಬರ.